ಕಲ್ಹಾತ್‌ನಲ್ಲಿ ಮಣ್ಣು ಅಗೆದವನು

ಅಣ್ಣ ಒಮಾನಿಗೆ ಬಂದದ್ದು ಗಾರೆ ಕೆಲಸಕ್ಕೆ. ಆದರೆ ಕೊನೆಯ ಎರಡು ಚಳಿಗಾಲ ಅವನು ಸೂರ್ ಪಟ್ಟಣದ ಸಮೀಪ ಕಲ್ಹಾತ್‌ನಲ್ಲಿ ಪುರಾತತ್ವದವರ ಉತ್ಖನನದಲ್ಲಿ ಮಣ್ಣು ಅಗೆಯುತ್ತಿದ್ದ. ಏಳುನೂರು ವರ್ಷಗಳ ಹಿಂದೆ ಅದು ದೊಡ್ಡ ಬಂದರು. ಅಲ್ಲಿಂದ ಕುದುರೆಗಳು ಹಡಗೇರಿ ನಮ್ಮ ಕರಾವಳಿಗೆ ಹೋಗುತ್ತಿದ್ದವು. ನಮ್ಮ ಕಡೆಯಿಂದ ಅಕ್ಕಿ, ಕರಿಮೆಣಸು ಬರುತ್ತಿತ್ತು. ಈಗ ಬೆಟ್ಟಕ್ಕೂ ಸಮುದ್ರಕ್ಕೂ ನಡುವೆ ಕಲ್ಲಿನ ರಾಶಿ, ಒಂದು ಒಡೆದ ಗುಮ್ಮಟ.

ನಾನು ರಾಜಧಾನಿ ಬಳಿಯ ಬೌಷರ್‌ನಲ್ಲಿ ಆಫೀಸು ಗುಮಾಸ್ತ. ಒಂದು ಶುಕ್ರವಾರ ನೋಡಲು ಹೋದಾಗ ಅಣ್ಣ ತಾನು ಅಗೆದ ಮನೆಯ ಅಡುಗೆ ಮೂಲೆ ತೋರಿಸಿದ.

"ಇಲ್ಲಿ ಸಿಕ್ಕಿದ ಮಡಕೆ ಚೂರು ಇಂಡಿಯಾದ್ದಂತೆ ಮಾರಾಯ. ತಳದಲ್ಲಿ ಇನ್ನೂ ಮಸಿ ಉಂಟು. ನಮ್ಮ ಕಡೆಯ ಯಾರೋ ಹೆಂಗಸು ಗಂಜಿ ಬೇಯಿಸಿರ್ಬೇಕು. ಪಾಪ, ಅವಳಿಗೆ ವಾಪಸು ಊರಿಗೆ ಹೋಗ್ಲಿಕ್ಕೆ ಆಯಿತೋ ಇಲ್ವೋ."

ಆ ಚಳಿಗಾಲ ಮುಗಿಯುವ ಮೊದಲೇ, ಕೆಲಸದ ನಡುವೆ ಎದೆ ಹಿಡಿದು ಕುಳಿತವನು ಮತ್ತೆ ಏಳಲಿಲ್ಲ. ನಾನು ಸೂರ್‌ನ ಆಸ್ಪತ್ರೆ ಮುಟ್ಟುವಾಗ ಮುಖಕ್ಕೆ ಬಿಳಿ ಬಟ್ಟೆ ಹೊದಿಸಿದ್ದರು. ಉಗುರುಗಳ ಸಂದಿಯಲ್ಲಿ ಮಣ್ಣಿತ್ತು.

ದೇಹ ಮಂಗಳೂರಿಗೆ ಹೋಗಲು ನಾಲ್ಕೈದು ದಿನ ಬೇಕೆಂದರು. ಊರಿನಲ್ಲಿದ್ದ ತಾಯಿಗೆ ಫೋನ್ ಮಾಡಿದೆ.

"ಅಷ್ಟು ದಿನ ಅವನನ್ನು ಐಸಿನಲ್ಲಿ ಇಡ್ಬೇಡ ಮೋನೆ," ಎಂದರು ಉಮ್ಮ. "ಅಲ್ಲಿಯೇ ದಫನ್ ಮಾಡು."

ಹಿಂದಿನಿಂದ ಅತ್ತಿಗೆಯ ಸ್ವರ ಕೇಳಿಸಿತು. "ನಂಗೆ ಒಮ್ಮೆ ಮುಖ ನೋಡ್ಬೇಕು. ಎಷ್ಟು ದಿನ ಆದ್ರೂ ಕಾಯ್ತೇನೆ."

ಇಲ್ಲಿ ಮಣ್ಣು ಮಾಡಲು ಹೆಂಡತಿಯ ಒಪ್ಪಿಗೆ ಪತ್ರ ಬೇಕಿತ್ತು. ಸಂಜೆಯೊಳಗೆ ಅತ್ತಿಗೆಯ ಸಹಿ ಬಂತು. ಮನೆಯವರು ಹೇಗೆ ಹಾಕಿಸಿದರೆಂದು ನಾನು ಕೇಳಲಿಲ್ಲ. ಮರುದಿನ ಸೂರ್‌ನಲ್ಲೇ ದಫನ್ ಆಯಿತು. ಪರಿಚಯವೇ ಇಲ್ಲದ ಒಮಾನಿಗಳು ಹೆಗಲು ಕೊಟ್ಟರು.

ಒಂದೂವರೆ ವರ್ಷ ಅತ್ತಿಗೆ ನನ್ನ ಜೊತೆ ಮಾತಾಡಲಿಲ್ಲ. ಆಮೇಲೆ ಒಂದು ದಿನ ತಾವಾಗಿಯೇ ಫೋನ್ ಮಾಡಿ, "ಆ ಜಾಗ ನೋಡ್ಬೇಕು," ಎಂದರು. ವಿಸಿಟ್ ವೀಸಾ ಮಾಡಿಸಿ ಕರೆಸಿದೆ.

ಕಬರಸ್ತಾನದ ಒಳಗೆ ಹೋಗಿ ಅಣ್ಣನ ಗೋರಿ ಹುಡುಕಿದೆ. ಹೊಸ ಸಾಲುಗಳು ಬಂದಿದ್ದವು. ಯಾವ ಗೋರಿಗೂ ಹೆಸರಿಲ್ಲ, ಎಲ್ಲಕ್ಕೂ ಒಂದೇ ಥರದ ಕಲ್ಲು. ಅತ್ತ ಇತ್ತ ನಡೆದೆ. ಗುರುತು ಸಿಗಲಿಲ್ಲ.

"ಯಾವುದು?" ಅತ್ತಿಗೆ ಕೇಳಿದರು.

ಒಂದು ಗೋರಿ ತೋರಿಸಿದೆ.

"ಖಂಡಿತ ಇದೇ ಅಲ್ವಾ?"

"ಹೌದು, ಇದೇ."

ಅತ್ತಿಗೆ ಬಿಸಿಲಿನಲ್ಲೇ ಕುಳಿತು, ಮಣ್ಣಿನ ಮೇಲೆ ಅಂಗೈ ಇಟ್ಟು ತುಂಬ ಹೊತ್ತು ಮೆಲ್ಲಗೆ ಮಾತಾಡಿದರು. ಎದ್ದು ಬಂದವರೇ, "ಈಗ ಸ್ವಲ್ಪ ಸಮಾಧಾನ ಆಯಿತು," ಎಂದರು. ಅವತ್ತಿನಿಂದ ನನ್ನ ಜೊತೆ ಮೊದಲಿನ ಹಾಗೆಯೇ ಮಾತಾಡುತ್ತಾರೆ. ನಿಜ ಹೇಳುವ ಧೈರ್ಯ ನನಗೆ ಇನ್ನೂ ಬಂದಿಲ್ಲ.