ಗದರಮ್ಮನ ವಿಳಾಸ

ಹೆರಿಗೆ ವಾರ್ಡಿನಲ್ಲಿ ಕೂದಲು ನರೆಯುವವರೆಗೂ ನರ್ಸ್ ಆಗಿ ದುಡಿದು ನಿವೃತ್ತರಾದ ಈ ಹೆಂಗಸಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆಯೇ ಇತ್ತು. ಅದನ್ನು ಬಲ್ಲವರು ಆಸ್ಪತ್ರೆಯ ಸಂಬಳದ ವಿಭಾಗದವರು ಮಾತ್ರ. ಬಾಣಂತಿಯರು ಎದುರಿಗೆ 'ಸಿಸ್ಟರ್' ಎನ್ನುತ್ತಿದ್ದರು, ಬೆನ್ನ ಹಿಂದೆ 'ಗದರಮ್ಮ'. ಕುತ್ತಿಗೆಗೆ ಆಸರೆ ಕೊಡದೆ ಕೂಸನ್ನು ಎತ್ತಿದವಳಿಗೆ, ಮೊದಲ ದಿನವೇ ಹಾಲಿನ ಬಾಟಲಿ ಹುಡುಕಿದವಳಿಗೆ, ಬಾಗಿಲಲ್ಲಿ ನಿಂತು ಹೆಂಡತಿಗೆ ಉಪದೇಶ ಮಾಡುವ ಗಂಡನಿಗೆ, ಎಲ್ಲರಿಗೂ ಒಂದೇ ಅಳತೆಯ ಬೈಗುಳ. ಹಾಗೆ ಬೈದವರೇ ನೋವು ತಿನ್ನುತ್ತಿದ್ದವಳ ಸೊಂಟ ನೀವುತ್ತಾ ಕೂರುತ್ತಿದ್ದರು ಎನ್ನುವುದೂ ನಿಜ. ಆದರೆ ಜನಕ್ಕೆ ನೆನಪಿರುವುದು ಬೈಗುಳವೇ ತಾನೆ.

ನಿವೃತ್ತಿ ಸಿಕ್ಕಿದ್ದು ಕೈಗೆ, ಬಾಯಿಗಲ್ಲ. ಅವರ ಕೈಯಲ್ಲಿ ಹೆರಿಗೆಯಾದ ಹೆಣ್ಣುಮಕ್ಕಳು ಫೋನಿನಲ್ಲಿ ಒಂದು ಗುಂಪು ಮಾಡಿಕೊಂಡು ಅವರನ್ನೂ ಸೇರಿಸಿಕೊಂಡಿದ್ದರು. ಕೂಸಿಗೆ ಬಿಕ್ಕಳಿಕೆ, ಕೂಸಿಗೆ ಬೆವರುಸಾಲೆ, ಕೂಸು ಯಾಕೋ ಎಡಗಡೆಗೇ ತಿರುಗುತ್ತದೆ, ಹೀಗೆ ಪ್ರಶ್ನೆಗಳಿಗೆ ಬರವಿರಲಿಲ್ಲ. ಗದರಮ್ಮ ಕನ್ನಡಕ ಏರಿಸಿಕೊಂಡು ಒಂದೇ ಬೆರಳಿನಲ್ಲಿ ಉತ್ತರ ಕುಟ್ಟುತ್ತಿದ್ದರು. ಈಚೆಗೆ ಆ ಗುಂಪು ತಣ್ಣಗಾಗಿತ್ತು. ಕೊನೆಗೂ ಇವಕ್ಕೆಲ್ಲ ಬುದ್ಧಿ ಬಂತು ಎಂದು ಅವರು ಒಳಗೊಳಗೇ ಬೀಗುತ್ತಿದ್ದರು, ಪಾಪ.

ಒಂದು ಬೆಳಿಗ್ಗೆ ಬ್ರೆಡ್ ತರಲು ಹೋದಾಗ ಬೇಕರಿಯವಳು ಗಾಜಿನ ಪೆಟ್ಟಿಗೆಯ ಮೇಲಿಂದ ಬಗ್ಗಿ ಅವರ ಕೈ ಹಿಡಿದುಕೊಂಡಳು. ಅವಳ ಮಗುವೂ ಗದರಮ್ಮನ ಕೈಯಲ್ಲೇ ಹುಟ್ಟಿದ್ದು.

"ಸಿಸ್ಟರ್, ನೀವು ಈಚೆಗೆ ಎಷ್ಟು ಮೆತ್ತಗಾಗಿದ್ದೀರಿ! ನಿನ್ನೆ ನೀವು 'ಊಟ ಆಯ್ತಾ ಕಂದಾ' ಅಂತ ಬರ್ದಿದ್ದು ನೋಡಿ ನಂಗೆ ಅಳುನೇ ಬಂತು."

"ನಾನು ಬರೆದ್ನಾ? ತಲೆ ನೆಟ್ಟಗಿದೆಯಾ ನಿಂಗೆ?"

ಫೋನು ತೋರಿಸಿದಳು. 'ಸಿಸ್ಟರ್' ಎಂಬ ಹೆಸರಿತ್ತು, ಬೀಳ್ಕೊಡುಗೆಯ ದಿನ ತೆಗೆದ ಗದರಮ್ಮನ ಫೋಟೋ ಇತ್ತು, ಕೆಳಗೆ 'ಹಳೇ ಫೋನು ಕೆಟ್ಟಿದೆ, ಇದು ನನ್ನ ಹೊಸ ನಂಬರು' ಎಂಬ ಮಾತಿತ್ತು. ಆ ಹೊಸ ನಂಬರು ಹಳೆಯ ನಂಬರನ್ನು ಗುಂಪಿನಿಂದ ಹೊರಗೆ ಹಾಕಿಸಿತ್ತು. ಆಮೇಲೆ ಪ್ರೀತಿಯ ಮಾತುಗಳ ಮಳೆ. ಆ ಮಳೆಯ ನಡುವೆ ಒಂದು ಪುಡಿಯ ಪ್ರಚಾರ: ಹಾಲಿನಲ್ಲಿ ಕಲಸಿ ಕೊಟ್ಟರೆ ಕೂಸು ಹಟ ಮಾಡದೆ ಮಲಗುತ್ತದೆಯಂತೆ. ಬೇಕರಿಯವಳೂ ಒಂದು ಪೊಟ್ಟಣ ತರಿಸಿದ್ದಳು, ಇನ್ನೂ ಒಡೆದಿರಲಿಲ್ಲ. ಗದರಮ್ಮ ಒಡೆದು ಮೂಸಿದರು, ನಾಲಿಗೆಯ ತುದಿಗೆ ಇಟ್ಟು ಉಗಿದರು. ಯಾವುದೋ ನಿದ್ದೆ ಔಷಧಿಯ ಕಹಿ.

"ಇದನ್ನ ಕೂಸಿಗೆ ಯಾರ್ಯಾರು ಕೊಡ್ತಿದ್ದಾರೆ?"

"ಟೈಲರ್ ಹುಡುಗಿ ಒಬ್ಬಳೇ ಸಿಸ್ಟರ್. ಅವಳ ಕೂಸು ಎಬ್ಬಿಸಿದ್ರೂ ಏಳಲ್ವಂತೆ. ಪುಣ್ಯವಂತೆ ಅಂತ ನಾವೆಲ್ಲ ಹೊಟ್ಟೆ ಉರ್ಕೊಂಡಿದ್ವಿ."

ಗದರಮ್ಮ ಕೂಡಲೇ ತಮ್ಮ ಫೋನು ತೆಗೆದರು. ಟೈಲರ್ ಹುಡುಗಿ ಎಂದರೆ ವಾರ್ಡಿನಲ್ಲಿ ಬೇಕರಿಯವಳ ಪಕ್ಕದ ಮಂಚದಲ್ಲಿದ್ದವಳು. ಎಲುಬಿನ ಹಂದರದಂಥ ಹುಡುಗಿ, ಹೆರಿಗೆಯಲ್ಲಿ ಒಮ್ಮೆಯೂ ಚೀರದೆ ತುಟಿ ಕಚ್ಚಿಕೊಂಡೇ ಹೆತ್ತವಳು. ಈಗ ಯಾವುದೋ ದೂರದ ಊರಿನಲ್ಲಿ ಗಂಡನ ಮನೆಯಲ್ಲಿದ್ದಾಳೆ. ಮನೆ ಎಲ್ಲಿ ಎಂದು ಇಬ್ಬರಿಗೂ ಗೊತ್ತಿಲ್ಲ, ಇರುವುದೊಂದು ಫೋನ್ ನಂಬರು. ಗದರಮ್ಮ ಮಾಡಿದರೆ ಕರೆ ಹೋಗುತ್ತಲೇ ಇಲ್ಲ, ಅವರ ನಂಬರನ್ನು ಹುಡುಗಿ ಬ್ಲಾಕ್ ಮಾಡಿದಂತಿತ್ತು. ಬೇಕರಿಯವಳು ಮಾಡಿದಾಗ ಎತ್ತಿದಳು.

"ಆ ಹೊಸ ನಂಬರಿನವಳು ನಕಲಿ ಕಣೇ! ಅಸಲಿ ಸಿಸ್ಟರ್ ಇಲ್ಲೇ ನನ್ನೆದುರಿಗೆ ನಿಂತಿದ್ದಾರೆ. ಪುಡಿ ಎಸೆದುಬಿಡು."

"ಸಿಸ್ಟರ್ ಮೊದ್ಲೇ ಹೇಳಿದ್ರು," ಎಂದಿತು ಆ ಕಡೆಯ ಸಣ್ಣ ದನಿ. "ಯಾರೋ ನನ್ನ ಹೆಸರು ಹೇಳ್ಕೊಂಡು ಬರ್ತಾರೆ, ಮಷೀನಲ್ಲಿ ನನ್ನ ಧ್ವನಿನೂ ಮಾಡ್ತಾರೆ, ನಂಬಬೇಡ ಅಂತ. ನಮ್ಮತ್ತೆ ಕರೀತಿದ್ದಾರೆ, ಇಡ್ತೀನಿ."

ಕಳ್ಳಿ ಮೊದಲೇ ಬೇಲಿ ಹಾಕಿ ಕೂತಿದ್ದಳು. ಗದರಮ್ಮ ಗದರಮ್ಮನೇ ಎಂದು ಸಾಬೀತು ಮಾಡಬೇಕಾದವರು ಈಗ ಸ್ವತಃ ಗದರಮ್ಮ. ಎಂಥ ಕಾಲ ಬಂತು ನೋಡಿ.

ಮನೆಗೆ ಬಂದವರೇ ಸೊಸೆಯ ಎದುರು ಕುರ್ಚಿ ಎಳೆದುಕೊಂಡು ಕೂತರು. ಈ ಅತ್ತೆ ಸೊಸೆಗೆ ಜಗಳವೇ ಇರಲಿಲ್ಲ ಎಂದು ನಾನು ಹೇಳಿದರೆ ನೀವು ನಂಬಬೇಡಿ. ಫ್ಯಾನಿನ ವೇಗದಿಂದ ಹಿಡಿದು ಒಗೆದ ಬಟ್ಟೆ ಮಡಿಸುವವರೆಗೆ ಎಲ್ಲಕ್ಕೂ ಇತ್ತು. ಆದರೆ ಸೊಸೆ ಅಂಗಡಿಗಳಿಗೆ ವೆಬ್‌ಸೈಟ್ ಮಾಡಿಕೊಡುವ ಸಣ್ಣ ಕಚೇರಿಯಲ್ಲಿ ಕೆಲಸಕ್ಕಿದ್ದವಳು, ಮನೆಯಿಂದಲೇ ಮಾಡುತ್ತಿದ್ದಳು. ವಿಷಯ ಕೇಳಿದ ಕೂಡಲೇ ಕೈಲಿದ್ದ ಕೆಲಸ ಬದಿಗಿಟ್ಟಳು.

"ಅತ್ತೆ, ಫೋಟೋನ ಯಾರು ಬೇಕಾದ್ರೂ ಅಂಟಿಸ್ಕೋಬಹುದು, ಹೆಸರನ್ನ ಯಾರು ಬೇಕಾದ್ರೂ ಬರ್ಕೋಬಹುದು. ಡೊಮೇನ್ ಅಂತ ಒಂದಿರುತ್ತೆ, ಅಂಗಡಿಗಳ ವೆಬ್‌ಸೈಟಿಗೆ ಇರುತ್ತಲ್ಲ, ಆ ವಿಳಾಸ. ಅದು ಜಗತ್ತಿಗೆಲ್ಲ ಒಂದೇ. ನೀವು ತಗೊಂಡ್ರೆ ಇನ್ನೊಬ್ಬರಿಗೆ ಸಿಗಲ್ಲ. ಆ ವಿಳಾಸನೇ ನಿಮ್ಮ ಗುರುತು ಅಂತ ಇಟ್ಕೊಂಡು ಮೆಸೇಜ್ ಕಳಿಸೋ ಆ್ಯಪ್ ಇದೆ. ನೀವು ಕಳಿಸೋ ಮೆಸೇಜಿಗೆಲ್ಲ ನಿಮ್ಮ ಫೋನು ಒಂದು ಗುಟ್ಟಿನ ಬೀಗ ಹಾಕುತ್ತೆ, ಆ ಬೀಗದ ಗುರುತು ನಿಮ್ಮ ವಿಳಾಸದಲ್ಲಿ ಇದೆಯಾ ಅಂತ ಆ್ಯಪೇ ನೋಡ್ಕೊಳ್ಳುತ್ತೆ. ಆ್ಯಪ್ ತೆರೆಯೋದೂ ಅವರವರ ಬೆರಳು ಒತ್ತಿದ್ರೇ, ಬರೆದಿದ್ದನ್ನ ಬರೆದವರು, ಓದೋರು ಬಿಟ್ರೆ ಬೇರೆ ಯಾರೂ ತೆರೆಯಕ್ಕಾಗಲ್ಲ."

"ನೀನೂ?"

"ನಾನೂ."

"ನಿನ್ನ ಗಂಡ?"

"ಅವ್ರಿಗೆ ಅವರ ಫೋನೇ ತೆರೆಯಕ್ಕೆ ಬರಲ್ಲ ಅತ್ತೆ."

ಹೆಸರು ಯಾವುದೆಂಬ ಪ್ರಶ್ನೆ ಬಂತು. ಅಪ್ಪ ಅಮ್ಮ ಇಟ್ಟ ಹೆಸರನ್ನು ಎಲ್ಲಿಯೋ ಟೈರು ಮಾರುವವನೊಬ್ಬ ಆಗಲೇ ಹಿಡಿದು ಕೂತಿದ್ದ. ಸೊಸೆ ಗಂಟಲು ಸರಿಮಾಡಿಕೊಂಡಳು.

"ಇನ್ನೊಂದು ಹೆಸರು ಖಾಲಿ ಇದೆ ಅತ್ತೆ. ನೀವು ಬೇಜಾರು ಮಾಡ್ಕೋಬಾರದು. ಬಾಣಂತಿಯರೆಲ್ಲ ನಿಮ್ಮನ್ನ... ಗದರಮ್ಮ ಅಂತಾರೆ."

ಅಷ್ಟು ವರ್ಷ ವಾರ್ಡಿನ ಮೂಲೆಮೂಲೆಯ ಪಿಸುಮಾತು ಕೇಳಿಸಿಕೊಂಡ ಕಿವಿಗೆ ಇದೊಂದು ಬಿದ್ದಿರಲಿಲ್ಲ. ಅವರ ಮುಖ ಸಣ್ಣಗಾಯಿತು. ನಿಜವಾಗಿಯೂ ನೋವಾಯಿತು ಅವರಿಗೆ. ಆದರೆ ಎಬ್ಬಿಸಿದರೂ ಏಳದ ಕೂಸೊಂದು ಕಣ್ಣ ಮುಂದೆ ಇರುವಾಗ ಬೇಜಾರು ಮಾಡಿಕೊಳ್ಳಲು ಪುರುಸೊತ್ತೆಲ್ಲಿದೆ?

"ಹಾಕು ಅದನ್ನೇ," ಎಂದರು. "ಗೊತ್ತಿರೋ ಹೆಸರಾದ್ರೆ ಬೇಗ ನಂಬ್ತಾರೆ."

ಹಾಲು ಕಾದು ಆರುವಷ್ಟರಲ್ಲಿ ಗದರಮ್ಮ ಡಾಟ್ ಕಾಮ್ ಎಂಬ ವಿಳಾಸಕ್ಕೆ ಅವರು ಒಡತಿಯಾದರು. ಆದರೆ ಸೊಸೆ ಒಂದು ಮಾತು ಹೇಳಿದಳು: ಈ ವಿಳಾಸ ಇವರದೇ ಎಂದು ಕಣ್ಣಾರೆ ಕಂಡವರೊಬ್ಬರು ಆ ಹುಡುಗಿಗೆ ಹೇಳಬೇಕು, ಒಂದು ಸಲ ಹೇಳಿದರೆ ಸಾಕು. ಗದರಮ್ಮ ಬಿಸಿಲಲ್ಲೇ ಮತ್ತೆ ಬೇಕರಿಗೆ ಹೋದರು. ಬೇಕರಿಯವಳು ಅವರ ಬಾಯಿಂದಲೇ ವಿಳಾಸ ಕೇಳಿಕೊಂಡು, ತನ್ನ ಫೋನಿನಲ್ಲಿ ಅದೇ ವಿಳಾಸದಿಂದ ಒಂದು ಬೈಗುಳ ತರಿಸಿಕೊಂಡು ನೋಡಿ, ಟೈಲರ್ ಹುಡುಗಿಗೆ ಫೋನು ಮಾಡಿದಳು. "ಈ ಆ್ಯಪ್ ಹಾಕ್ಕೋ. ಬೇರೆ ಏನೂ ನೋಡಬೇಡ, ಈ ವಿಳಾಸ ಇದೆಯಾ ನೋಡು. ನನ್ನ ಮಗುವಿನಾಣೆ, ಇದು ಅವರದೇ." ಹುಡುಗಿ ಹೂಂ ಎಂದಳು, ಅಷ್ಟೇ.

ಗದರಮ್ಮ ಫೋನು ಮಡಿಲಲ್ಲಿಟ್ಟುಕೊಂಡು ಕಾದರು. ಊಟದ ತಟ್ಟೆ ಮುಂದಿಟ್ಟುಕೊಂಡು ಕಾದರು. ವಿಳಾಸ ನೋಡಿದ ಕೂಡಲೇ ನಂಬುತ್ತಾಳೆ, ನಂಬಿದ ಕೂಡಲೇ ಪುಡಿ ಬಿಸಾಡುತ್ತಾಳೆ, ಅವರ ಲೆಕ್ಕ ಇಷ್ಟು ಸರಳವಾಗಿತ್ತು. ಬಿಸಿಲು ಇಳಿಯುವ ಹೊತ್ತಿಗೆ ಮೆಸೇಜ್ ಬಂತು.

"ನೀವೇ ಅಂತ ಗೊತ್ತು ಸಿಸ್ಟರ್. ಅವಳು ನೀವಲ್ಲ ಅಂತಾನೂ ಮೊದಲ್ನೇ ದಿನವೇ ಗೊತ್ತಾಗಿತ್ತು. ಊಟ ಆಯ್ತಾ ಅಂತ ನೀವು ಯಾವತ್ತೂ ಕೇಳಿದವರಲ್ಲ. ಅವಳು ದಿನಾ ಕೇಳ್ತಿದ್ಲು. ಅದಕ್ಕೇ ಅವಳೇ ನೀವಾಗಿರಲಿ ಅಂದ್ಕೊಂಡೆ."

ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಮತ್ತೆ ಓದಿದರು. ಮೊದಲು ಬಂದದ್ದು ಸಿಟ್ಟು. 'ಬುದ್ಧಿ ಇದೆಯಾ ನಿಂಗೆ' ಎಂದು ಅರ್ಧ ಕುಟ್ಟಿಯೂ ಬಿಟ್ಟರು. ಬೆರಳು ನಿಂತಿತು. ಕುಟ್ಟಿದ್ದನ್ನೆಲ್ಲ ಅಳಿಸಿ ಬರೆದರು:

"ನಾನು ಕೇಳ್ಬೇಕಾಗಿತ್ತು. ಕೇಳಲಿಲ್ಲ, ತಪ್ಪಾಯ್ತು. ಏನಾಗಿದೆ ಹೇಳು. ಇಲ್ಲಿ ಬರೆದದ್ದನ್ನ ನಾನೊಬ್ಬಳೇ ಓದೋದು."

ಆಮೇಲೆ ಹುಡುಗಿ ಬರೆದಳು, ನಿಲ್ಲಿಸದೆ ಬರೆದಳು. ಗುಂಪಿನಲ್ಲಿ ಹತ್ತಾರು ಹೆಂಗಸರ ಮುಂದೆ, ಅತ್ತೆಯೂ ಗಂಡನೂ ಎತ್ತಿ ನೋಡುವ ಫೋನಿನಲ್ಲಿ ಹೇಳಲಾಗದ್ದನ್ನೆಲ್ಲ ಬರೆದಳು. ಕೂಸು ಅತ್ತಾಗಲೆಲ್ಲ ಕಿವಿ ಮುಚ್ಚಿಕೊಂಡು ಬಚ್ಚಲಿಗೆ ಹೋಗಿ ನಿಲ್ಲುತ್ತಿದ್ದಳಂತೆ. ಒಂದು ದಿನ ಅದನ್ನು ಜೋರಾಗಿ ಅಲ್ಲಾಡಿಸಲು ಕೈ ಎತ್ತಿ, ತನ್ನ ಕೈಗೆ ತಾನೇ ಹೆದರಿದಳಂತೆ. ಪುಡಿ ಕೊಟ್ಟರೆ ಕೂಸು ತನ್ನಿಂದ ಬಚಾವಾಗಿ ಮಲಗಿರುತ್ತದೆ ಎಂದುಕೊಂಡಳಂತೆ. ಈಗ ಅದು ಹಾಲಿಗೂ ಬಾಯಿ ತೆರೆಯುತ್ತಿಲ್ಲ. "ಇವತ್ತು ನಾನೇ ಅಲ್ಲಾಡಿಸಿ ಎಬ್ಬಿಸಕ್ಕೆ ನೋಡ್ದೆ ಸಿಸ್ಟರ್. ಏಳಲಿಲ್ಲ."

ಗದರಮ್ಮನ ಕಣ್ಣಲ್ಲಿ ನೀರು ಬಂತು, ಬೆರಳು ಮಾತ್ರ ಕುಟ್ಟುತ್ತಲೇ ಇತ್ತು. "ನೀನು ಕೆಟ್ಟ ತಾಯಿಯಲ್ಲ, ದಣಿದಿದ್ದೀಯ. ಇಂಥ ಎಷ್ಟೋ ಜನರನ್ನ ಕಂಡಿದ್ದೀನಿ, ಎಲ್ಲರೂ ಚೇತರಿಸ್ಕೊಂಡಿದ್ದಾರೆ. ಈಗ ಎದ್ದು ಕೂಸನ್ನ ಎತ್ಕೊಂಡು ಆಸ್ಪತ್ರೆಗೆ ಹೊರಡು. ಪುಡಿ ಪೊಟ್ಟಣ ಜೊತೇಲಿರಲಿ. ಊರು ಯಾವುದು ಹೇಳು, ಅಲ್ಲಿಯ ಹೆರಿಗೆ ವಾರ್ಡಿಗೆ ನಾನೇ ಫೋನ್ ಮಾಡ್ತೀನಿ. ನಿನ್ನನ್ನೂ ನೋಡಕ್ಕೆ ಹೇಳ್ತೀನಿ, ಕೂಸನ್ನಷ್ಟೇ ಅಲ್ಲ."

ಊರಿನ ಹೆಸರು ಬಂತು, ಹಿಂದೆಯೇ "ಹೊರಟೆ" ಎಂಬ ಒಂದು ಪದ. ಗದರಮ್ಮ ಆ ಊರಿನ ಹೆರಿಗೆ ವಾರ್ಡಿನ ನಂಬರು ಹುಡುಕಿ ಕರೆ ಮಾಡಿದರು.

ಮರುದಿನ ಬೆಳಿಗ್ಗೆ ಸೊಸೆ ಬಚ್ಚಲಿನಿಂದ ಒದ್ದೆ ಕೈಯಲ್ಲೇ ಓಡಿ ಬಂದಳು. ನಡುಮನೆಯಲ್ಲಿ ಒಂದು ಕೂಸು ಗಂಟಲು ಹರಿಯುವ ಹಾಗೆ ಕಿರುಚುತ್ತಿತ್ತು.

"ಯಾರ ಕೂಸು ಅತ್ತೆ? ಯಾಕೆ ಹೀಗೆ ಅಳ್ತಿದೆ?"

ಗದರಮ್ಮ ಫೋನನ್ನು ಎರಡೂ ಕೈಯಲ್ಲಿ ಹಿಡಿದು ಕಿವಿಗೆ ಒತ್ತಿಕೊಂಡಿದ್ದರು. ಟೈಲರ್ ಹುಡುಗಿ ಆಸ್ಪತ್ರೆಯಿಂದ ಕಳಿಸಿದ ಧ್ವನಿ ಮೆಸೇಜಿನಲ್ಲಿ ಅವಳದೊಂದು ಮಾತೂ ಇರಲಿಲ್ಲ, ಇದ್ದದ್ದು ಆ ಅಳು ಮಾತ್ರ. ಅದು ಮುಗಿಯಿತು. ಅವರು ಮೂಗು ಒರೆಸಿಕೊಂಡು ಫೋನನ್ನು ಸೊಸೆಯ ಕಡೆ ಚಾಚಿದರು.

"ಇನ್ನೊಂದು ಸಲ ಹಾಕು. ಅಳಲಿ."