ತಮ್ಮನ ಕೆನ್ನೆ, ನನ್ನ ಟಮಾಟಿ

ಆಗೆಲ್ಲ ತೆಲುಗು ನಾಡಿನ ಕುಷಾಯಿಗೂಡದ ನಮ್ಮ ಬೀದಿಯಲ್ಲಿ ಯಾರ ಮನೆಯಲ್ಲಿ ಏನು ಅಡುಗೆ ಎಂದು ಮೂಗೇ ಹೇಳುತ್ತಿತ್ತು. ಹತ್ತರಲ್ಲಿ ಎಂಟು ಮನೆಗಳಿಂದ ಟಮಾಟಿ ಪಪ್ಪಿನ, ಅಂದರೆ ಬೇಳೆಯ, ಒಗ್ಗರಣೆ. ನಮ್ಮದು ಮಾತ್ರ ಬದನೆಕಾಯಿಯ ಮನೆ. ಅಪ್ಪ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯ ನೌಕರಿಗೆಂದು ಕಲಬುರಗಿ ಬಿಟ್ಟು ಬಂದಿದ್ದರೂ ಶೇಂಗಾಪುಡಿ ತುಂಬಿದ ಎಣ್ಣೆಗಾಯಿ ಬಿಟ್ಟಿರಲಿಲ್ಲ. ನಾನು ಮನೆಗೆ ಮಾರಿ, ಊರಿಗೆ ಉಪಕಾರಿ. ಉಪ್ಪು ಖಾರ ಹಚ್ಚಿದ ಹಸಿ ಟಮಾಟಿ ಎಂದರೆ ನನಗೆ ಪ್ರಾಣ.

ನನಗೆ ಎಂಟು ವರ್ಷ, ತಮ್ಮ ಗುಂಡ್ಯಾನಿಗೆ ಒಂದೂವರೆ. ಆ ಬೇಸಿಗೆಯಲ್ಲಿ ಅವನು ಉಂಡ ಕೂಡಲೇ ಬಾಯಿಯ ಸುತ್ತ ಕೆಂಪು ಗಂಧೆ ಏಳತೊಡಗಿತು. ಅವನೇನೂ ಅಳುತ್ತಿರಲಿಲ್ಲ, ಕೆರೆದುಕೊಂಡು ನಗುತ್ತಿದ್ದ. ಡಾಕ್ಟರು ನೋಡಿ, ತುಟಿ ಊದಿದರೆ, ಉಸಿರಿಗೆ ತೊಂದರೆಯಾದರೆ ತಡಮಾಡದೆ ಬನ್ನಿ, ಇಲ್ಲವಾದರೆ ತಣ್ಣೀರಿನಲ್ಲಿ ತೊಳೆದು ಯಾವ ಕಾಯಿಪಲ್ಯೆಯಿಂದ ಹೀಗಾಗುತ್ತದೆಂದು ಗಮನಿಸಿ ಎಂದರು.

ಊರಿನಿಂದ ಬಂದಿದ್ದ ಅಜ್ಜಿಗೆ ಅಷ್ಟು ತಾಳ್ಮೆ ಎಲ್ಲಿಯದು? "ಬದನಿಕಾಯಿ ನಂಜು. ಬಂದ್ ಮಾಡ್ರಿ," ಎಂದಳು. ಬಂದ್ ಆಯಿತು, ಮನೆಮಂದಿಗೆಲ್ಲ. ಗಂಧೆ ಮಾತ್ರ ನಿಲ್ಲಲಿಲ್ಲ. ಎಣ್ಣೆಗಾಯಿ ಇಲ್ಲದೆ ಸೊರಗಿದ ಅಪ್ಪ ಕೊನೆಗೆ ತಮ್ಮ ಕೆಲಸದ ಬುದ್ಧಿ ಹೊರತೆಗೆದರು.

"ಮಶೀನ್ ಕೆಟ್ರ ನಾವು ಎಲ್ಲಾ ಒಮ್ಮೆಲೆ ಬಿಚ್ಚಂಗಿಲ್ಲ. ಒಂದೊಂದ ಬದ್ಲಿ ಮಾಡಿ ನೋಡ್ತೀವಿ."

ಅವ್ವ ಗುಂಡ್ಯಾನಿಗೆ ಮೂರು ದಿನ ಹೀರೇಕಾಯಿ, ಮೂರು ದಿನ ಬದನೆ ಕೊಟ್ಟಳು. ಏನೂ ಆಗಲಿಲ್ಲ. ಏಳನೆಯ ದಿನ ಟಮಾಟಿಯ ಮೊದಲ ತುತ್ತಿಗೇ ಕಳ್ಳ ಸಿಕ್ಕಿಬಿದ್ದ. ಅವನ ತಟ್ಟೆಗೆ ಮಾತ್ರ ಟಮಾಟಿ ಹಾಕುವುದು ನಿಂತಿತು. ಎಂಟು ದಿನ ಮುಖ ತಿಳಿಯಾಗಿತ್ತು. ಒಂಬತ್ತನೆಯ ಸಂಜೆ ಎಡಗೆನ್ನೆಯ ಮೇಲೆ ಮತ್ತೆ ಕೆಂಪು.

"ಟಮಾಟಿ ಬಿಟ್ರೂ ಬಂತಲ್ಲ. ಈ ಊರ ನೀರ ಕೂಸಿಗೆ ಆಗಿ ಬರವಲ್ದು," ಎನ್ನುತ್ತ ಅಜ್ಜಿ ಆಗಲೇ ಅವನ ಅಂಗಿಗಳನ್ನು ಚೀಲಕ್ಕೆ ತುಂಬುತ್ತಿದ್ದಳು. "ಆಯ್ತವಾರ ನಾ ಕರ್ಕೊಂಡ್ ಹೊಕ್ಕೀನಿ. ಎರಡ್ ವರ್ಷ ನನ್ನ ಹಂತ್ಯಾಕ ಇರ್ಲಿ."

ಅವ್ವ ಬೇಡವೆನ್ನಲಿಲ್ಲ.

ನಾನು ಅವನ ಹತ್ತಿರ ಹೋಗಿ ನೋಡಿದೆ. ಕೆನ್ನೆಯ ಮೇಲೆ ಬಾಗಿದ ಎರಡು ಗೆರೆ. ಮೇಲಿನದಕ್ಕೆ ನಡುವೆ ಸಣ್ಣ ತಗ್ಗು. ಎದ್ದು ಗೋಡೆಯ ಕನ್ನಡಿ ನೋಡಿಕೊಂಡೆ. ಅದೇ ಬಾಗು, ಅದೇ ತಗ್ಗು. ಸ್ವಲ್ಪ ಹೊತ್ತಿಗೆ ಮುಂಚೆ ಹಿತ್ತಲ ಮೆಟ್ಟಿಲಲ್ಲಿ ಕೂತು ಟಮಾಟಿ ತಿಂದವಳು, ಬಂದು ಅವನಿಗೆ ಗಟ್ಟಿಯಾಗಿ ಮುತ್ತು ಕೊಟ್ಟಿದ್ದೆ. ಈಗ ನನ್ನ ಬಾಯಿ ನನ್ನ ಮುಖದಲ್ಲೂ ಇತ್ತು, ಅವನ ಕೆನ್ನೆಯಲ್ಲೂ ಇತ್ತು. ಅಂಥ ಬೆರಗನ್ನು ನಾನು ಆಮೇಲೆ ಯಾವ ವಸ್ತುಸಂಗ್ರಹಾಲಯದಲ್ಲೂ ಪಟ್ಟಿಲ್ಲ. ಹೇಳಿದರೆ ಏಟು, ಹೇಳದಿದ್ದರೆ ಗುಂಡ್ಯಾ ಊರಿಗೆ.

"ಅವ್ವಾ, ನೀರಲ್ಲ, ನಾನು. ಟಮಾಟಿ ತಿಂದು ಮುತ್ತು ಕೊಟ್ಟೀನಿ."

ಅವ್ವ ನನ್ನ ಗದ್ದ ಹಿಡಿದೆತ್ತಿ ತುಟಿ ನೋಡಿದಳು, ಅವನ ಕೆನ್ನೆ ನೋಡಿದಳು. ಹೊಡೆಯಲಿಲ್ಲ. ಒದ್ದೆ ಬಟ್ಟೆಯಿಂದ ಮೆಲ್ಲಗೆ ಒರೆಸಿ, "ಇನ್ನ ಮ್ಯಾಲೆ ಬಾಯಿ ತೊಳ್ಕೊಂಡ್ ಮುತ್ತು ಕೊಡು," ಎಂದಳು. ದೀಪ ಹಚ್ಚುವ ಹೊತ್ತಿಗೆ ನನ್ನ ಬಾಯಿ ಅಲ್ಲಿಂದ ಮಾಯವಾಗಿತ್ತು. ಅಜ್ಜಿ ಅಂಗಿಗಳನ್ನು ಮತ್ತೆ ಮಡಚಿಟ್ಟಳು. ಮರುದಿನ ಎಣ್ಣೆಗಾಯಿ ಮಾಡಿ ಅಪ್ಪನಿಗೆ ತಾನೇ ಬಡಿಸಿದಳು.

ಮೂರು ತುಂಬುವ ಹೊತ್ತಿಗೆ ಗುಂಡ್ಯಾನಿಗೆ ಟಮಾಟಿ ಒಗ್ಗಿತು. ಈಗ ಅವನಿಗೆ ಶಂಶಾಬಾದ್ ವಿಮಾನ ನಿಲ್ದಾಣದಲ್ಲಿ ಪಾಳಿಯ ಕೆಲಸ, ನಾನು ನಾರಾಯಣಗೂಡದಲ್ಲಿದ್ದೇನೆ. ಒಂದೇ ಊರಾದರೂ ವರ್ಷಕ್ಕೆ ಎರಡು ಸಲ ಕಂಡರೆ ಹೆಚ್ಚು. ಮೊನ್ನೆ ದೀಪಾವಳಿಗೆ ಬಂದವನು ಟಮಾಟಿ ಪಪ್ಪನ್ನು ಎರಡು ಸಲ ಹಾಕಿಸಿಕೊಂಡ. ಹೊರಡುವಾಗ, ಯಾಕೋ ತಡೆಯಲಾರದೆ, ಅವನ ಎಡಗೆನ್ನೆ ಮುಟ್ಟಿದೆ.

"ಏನಕ್ಕಾ, ಏನರ ಹತ್ತೇತೇನು?" ಎಂದು ಅವನು ಕೆನ್ನೆ ಒರೆಸಿಕೊಂಡ.

ನಾನು ಚೆನ್ನಾಗಿ ನೋಡಿದೆ. ಏನೂ ಹತ್ತಿರಲಿಲ್ಲ.