ಕಚಕಡದ ಡಬ್ಬಿಗೆ ನಾನು ಕೊಟ್ಟ ಅಪ್ಪಣೆ

‘ಗೊತ್ತಿಲ್ಲ’ ಎಂಬ ಮಾತು ಸರಕಾರಿ ನೌಕರನ ಬಾಯಿಂದ ಹೊರಡುವುದು ಕಷ್ಟ. ತಲೆಯ ಮೇಲೆ ಟೋಪಿ ಇದ್ದರಂತೂ ಹೊರಡುವುದೇ ಇಲ್ಲ. ಸಾವಿರದ ಒಂಬೈನೂರ ಐವತ್ತರ ಸುಮಾರಿಗೆ ನಾನು ಸಿರುಗುಪ್ಪದಲ್ಲಿ ಸ್ಯಾನಿಟರಿ ಇನ್ಸ್‌ಪೆಕ್ಟರ್ ಆಗಿದ್ದೆ. ಹೋಟೆಲಿನ ಹಿತ್ತಾಳೆ ಪಾತ್ರೆಗಳ ಒಳಗಿನ ತವರದ ಕಲಾಯಿ ನೋಡುವುದು, ನೊಣ ಕೂತ ಮಿಠಾಯಿ ಚೆಲ್ಲಿಸುವುದು ನನ್ನ ಕೆಲಸ. ಮಿಕ್ಕ ವಿಷಯಗಳಲ್ಲೂ ಜನ ನನ್ನನ್ನು ಕೇಳುತ್ತಿದ್ದರು, ನಾನೂ ಹೇಳುತ್ತಿದ್ದೆ.

ಕುರುಗೋಡಿಗೆ ಹೋದಾಗ ನನ್ನ ಊಟ ಈರಮ್ಮನವರ ಖಾನಾವಳಿಯಲ್ಲಿ. ಒಂದು ದಿನ ಅವರು ಕೆಂಪು ಡಬ್ಬಿಯೊಂದನ್ನು ತಂದು ನನ್ನ ಮುಂದಿಟ್ಟರು. ಬಳ್ಳಾರಿ ಪೇಟೆಗೆ ಆಗತಾನೇ ಬಂದ ಪ್ಲಾಸ್ಟಿಕ್ಕು. ನಮ್ಮ ಜನ ಅದನ್ನು ಬಳೆ ಬಾಚಣಿಗೆಗಳ ಜಾತಿಗೆ ಸೇರಿಸಿ ಕಚಕಡವೆಂದೇ ಕರೆಯುತ್ತಿದ್ದರು. ತೆಕ್ಕಲಕೋಟೆಯಲ್ಲಿದ್ದ ಅವರ ಮಗಳು ಗೌರಿ ಚೊಚ್ಚಲ ಬಸುರಿ. ಖಾರ ಹಾಕದ, ಬರೀ ಉಪ್ಪಿನ ನಿಂಬೆಕಾಯಿ ಬೇಕೆಂದು ತವರಿಗೆ ಹೇಳಿ ಕಳಿಸಿದ್ದಳು. ಜಾಡಿ ಬಸ್ಸಿನಲ್ಲಿ ಒಡೆದೀತು, ತಗಡಿನ ಡಬ್ಬಿಯನ್ನು ಹುಳಿ ತಿಂದೀತು ಎಂದು ತಾಯಿಗೆ ಚಿಂತೆ.

“ಇದರಾಗ ಹಾಕಿ ಕಳಿಸಬೌದೇನ್ರಿ ಸಾಹೇಬ್ರ?”

ನನ್ನ ನಿಯಮಗಳ ಪುಸ್ತಕದಲ್ಲಿ ಹಿತ್ತಾಳೆಯಿತ್ತು, ತಾಮ್ರವಿತ್ತು, ಕಚಕಡವಿರಲಿಲ್ಲ. ಪುಸ್ತಕದಲ್ಲಿಲ್ಲದ್ದು ತಪ್ಪೂ ಅಲ್ಲವೆಂದುಕೊಂಡು, ಡಬ್ಬಿಯನ್ನು ಬೆರಳಿನಿಂದ ಎರಡು ಸಲ ತಟ್ಟಿ, ಧಾರಾಳವಾಗಿ ಕಳಿಸಿರೆಂದೆ. ಕುಂಬಳಕಾಯಿ ಕೊಳ್ಳುವವರೂ ಹಾಗೆಯೇ ತಟ್ಟುತ್ತಾರೆ. ಅವರಿಗಾದರೂ ಏನೋ ಕೇಳಿಸುತ್ತದೆ.

ಎರಡು ವಾರ ಬಿಟ್ಟು ಹೋದಾಗ ಈರಮ್ಮನವರು ಆ ಡಬ್ಬಿಯನ್ನು ತಂದು ಮುಚ್ಚಳ ತೆಗೆದರು. ಸೀಮೆಎಣ್ಣೆಯಂಥ ವಾಸನೆ ಮೂಗಿಗೆ ಹೊಡೆಯಿತು. ಒಳಗಿನ ನಿಂಬೆಹೋಳುಗಳು ಡಬ್ಬಿಯ ಬಣ್ಣ ಹೀರಿ ಕೆಂಪಗಾಗಿದ್ದವು. ಗೌರಿ ಹೇಗಿದ್ದಾಳೆಂದು ಕೇಳಿದೆ.

“ಕಳಿಸಿಲ್ರಿ,” ಎಂದರು ಅವರು. “ನೀವು ಹೂಂ ಅಂದ್ರಿ, ಖರೆ. ಆದ್ರ ಮುಚ್ಚಳಾನ ತೆಗಿಲಿಲ್ಲ. ಅದಕ್ಕ ನಾಕು ಹೋಳು ಹಾಕಿ, ಎಂಟು ದಿನ ಇಟ್ಟು ನೋಡಿದೆ.”

ಅವಮಾನ ತಡೆಯದೆ ಮೇಲಿನವರಿಗೆ ಪತ್ರ ಬರೆದು, ಇಂಥ ಡಬ್ಬಿಗೆ ನಿಯಮವೇನೆಂದು ಕೇಳಿದೆ. ಸದರಿ ಡಬ್ಬಿಗೆ ಕಲಾಯಿ ಆಗಿದೆಯೋ ಇಲ್ಲವೋ ಕೂಡಲೇ ತಿಳಿಸತಕ್ಕದ್ದೆಂದು ಉತ್ತರ ಬಂತು. ಈಗೇನೋ ಅನ್ನ ಮುಟ್ಟುವ ಪ್ಲಾಸ್ಟಿಕ್ಕಿಗೆ ನಿಯಮಗಳಾಗಿವೆ: ಹುಳಿಯಲ್ಲಿ, ಎಣ್ಣೆಯಲ್ಲಿ, ಬಿಸಿಯಲ್ಲಿ ಇಷ್ಟು ದಿನ ಇಟ್ಟು ಅದು ಏನು ಬಿಡುತ್ತದೆಂದು ನೋಡಬೇಕಂತೆ. ಓದಿದಾಗಲೆಲ್ಲ ನನಗೆ ಈರಮ್ಮನವರ ಕೈಬರಹ ಕಂಡಂತಾಗುತ್ತದೆ. ಪಾಪ, ಅವರಿಗೆ ಅಕ್ಷರವೇ ಬರುತ್ತಿರಲಿಲ್ಲ.

ತಪ್ಪುಕಾಣಿಕೆಯೆಂದು ನಾನೇ ನಿಂಬೆಕಾಯಿಯ ಜಾಡಿಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ತೆಕ್ಕಲಕೋಟೆಗೆ ಹೋದೆ. ಜಾಡಿ ಉಳಿಯಿತು, ರಸ ಚೆಲ್ಲಿ ನನ್ನ ಬಿಳಿ ಪ್ಯಾಂಟು ಕೆಟ್ಟಿತು. ಡಬ್ಬಿಯ ಕತೆ ಗೌರಿಗೆ ಆಗಲೇ ಮುಟ್ಟಿತ್ತು. ಅವಳು ಬಲು ಆದರದಿಂದ ಎಲೆ ಹಾಕಿ, ಅನ್ನ ಬಡಿಸಿ, ಒಂದು ಹೋಳನ್ನು ನನ್ನ ಎಲೆಗೇ ಮೊದಲು ಹಾಕಿದಳು.

“ನೀವು ತಿನ್ರಿ ಸಾಹೇಬ್ರ. ನಾ ಒಂದು ತಾಸು ಕಾಯ್ತೀನಿ.”

ತಿಂದೆ. ಅವಳು ಗೋಡೆಗೊರಗಿ ಕೂತು ನನ್ನ ಮುಖವನ್ನೇ ನೋಡುತ್ತಿದ್ದಳು. ಅಪ್ಪಣೆ ಕೊಟ್ಟವರನ್ನೇ ಪಂಕ್ತಿಯಲ್ಲಿ ಮೊದಲು ಕೂಡಿಸುವ ಈ ಪದ್ಧತಿ ಇನ್ನೂ ಸರಕಾರದ ಕಿವಿಗೆ ಬೀಳದಿರುವುದು ನಮ್ಮಂಥವರ ಪುಣ್ಯ.